ಎಡಗೈಯವನ ಪಕ್ಕದ ಕುರ್ಚಿ

“ಇವನ ಎಡಗಡೆ ಯಾರೂ ಕೂರಬೇಡ್ರಪ್ಪಾ. ಅಲ್ಲಿ ಕೂತ್ರೆ ಊಟಾನೂ ದಕ್ಕಲ್ಲ, ಮರ್ಯಾದೆನೂ ಉಳಿಯಲ್ಲ. ಇಪ್ಪತ್ತೆರಡು ವರ್ಷ ಆಯ್ತು, ಯಾವ ಕೈಲಿ ತಿನ್ನಬೇಕು ಅಂತ ಇನ್ನೂ ಗೊತ್ತಾಗದ ಪ್ರಾಣಿ ಇದು.”

ದೊಡ್ಡಪ್ಪ ಇದನ್ನು ಹೇಳಿದ್ದು ಭಾನುವಾರ ಬೆಳಿಗ್ಗೆ, ಚಹಾಮನೆಯಲ್ಲಿ. ಹಾಂಗ್‌ಕಾಂಗ್‌ನ ಕ್ವಾಯ್ ಚುಂಗ್ ಬಡಾವಣೆಯ ಅರ್ಧ ಜನ ಅಲ್ಲೇ ಇದ್ದರು. ದೊಡ್ಡಪ್ಪನ ಗಂಟಲು ಅಂಗಡಿಯಲ್ಲಿ ಪಳಗಿದ್ದು. ಹುರಿದ ಹಂದಿ, ಹೆಬ್ಬಾತು ಅಂತ ನಲವತ್ತು ವರ್ಷ ಕೂಗಿದ ಗಂಟಲು ಪಿಸುಗುಟ್ಟುವುದನ್ನು ಮರೆತಿತ್ತು. ಆಚೆ ಟೇಬಲ್ಲಿನವರೂ ಊಟದ ಕಡ್ಡಿ ನಿಲ್ಲಿಸಿ ತಿರುಗಿ ನೋಡಿದರು.

ಆಗಿದ್ದಿಷ್ಟೆ. ಅಲೋಂಗ್ ಎಡಗೈಯಲ್ಲಿ ಕಡ್ಡಿ ಹಿಡಿದು ಸಿಗಡಿ ಕಡುಬಿಗೆ ಚಾಚಿದ್ದ. ಅವನ ಎಡಕ್ಕೆ ಕೂತಿದ್ದ ನೆರೆಮನೆ ಫೊಂಗ್ ಆಂಟಿ ಬಲಗೈಯಲ್ಲಿ ಅದೇ ಬುಟ್ಟಿಗೆ ಚಾಚಿದ್ದಳು. ಮೊಣಕೈಗೆ ಮೊಣಕೈ ತಾಗಿ ಕಡುಬು ಜಾರಿ ಆಂಟಿಯ ಹೊಸ ರೇಷ್ಮೆ ಅಂಗಿಯ ಮೇಲೆ ಕೂತಿತ್ತು.

“ಪರವಾಗಿಲ್ಲ ಬಿಡು ಕಾಮ್-ಶಿಂಗ್, ಹುಡುಗ,” ಎಂದಳು ಆಂಟಿ ದೊಡ್ಡಪ್ಪನಿಗೆ. ಮುಖ ಮಾತ್ರ ಪರವಾಗಿಲ್ಲ ಅನ್ನುತ್ತಿರಲಿಲ್ಲ.

“ಹುಡುಗ ಅಂತೆ. ನನಗೆ ಈ ವಯಸ್ಸಿಗೆ ಅಂಗಡಿ ಇತ್ತು.”

“ಇದೇ ಕೈಗೆ ಮೆಡಲ್ ಬಂದಿದೆ,” ಎಂದ ಅಲೋಂಗ್. ಅವನಿಗೆ ಸುಮ್ಮನಿರುವುದು ಬರುತ್ತಿರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟಿದ್ದೂ ಒಬ್ಬ ಮೇಷ್ಟ್ರಿಗೆ ಎದುರುತ್ತರ ಕೊಟ್ಟೇ.

“ಮೆಡಲ್ಲನ್ನ ಕೊಕ್ಕೆಗೆ ಸಿಕ್ಕಿಸಿ ಅಂಗಡೀಲಿ ತೂಗಿಹಾಕ್ಲಾ? ಚರ್ಮ ಗರಿಗರಿ ಆಗುತ್ತಾ ಅದು?”

ಆಚೆ ಟೇಬಲ್ಲಿನವರು ನಕ್ಕರು. ಅಪ್ಪ ಚಹಾಪಾತ್ರೆಯ ಮುಚ್ಚಳವನ್ನು ಓರೆ ಮಾಡಿಟ್ಟು, ಬಿಸಿನೀರು ತರುವವನನ್ನೇ ಹುಡುಕುತ್ತಾ ಕೂತ. ಅಣ್ಣನ ಎದುರು ಅಪ್ಪನಿಗೆ ಯಾವಾಗಲೂ ಬಿಸಿನೀರೇ ಬೇಕಾಗುತ್ತಿತ್ತು. ಅಮ್ಮ ಕರವಸ್ತ್ರಕ್ಕೆ ಚಹಾ ಅದ್ದಿ ಆಂಟಿಯ ಅಂಗಿ ಒರೆಸಿದಳು.

ತೀರ್ಮಾನ ಹೇಳಿದ್ದು ಅಜ್ಜಿ. ಆ ಮನೆಯಲ್ಲಿ ಕೊನೆಯ ಮಾತು ಅವಳದೇ.

“ಆ ಕತ್ತಿ ಆಟದ ಪಂದ್ಯ ಯಾವಾಗ ಅಂದೆ?”

“ಚಿಂಗ್ ಮಿಂಗ್ ಹಬ್ಬ ಆದ್ಮೇಲೆ ಅಜ್ಜಿ. ಹಾಂಗ್‌ಕಾಂಗ್ ತಂಡದ ಆಯ್ಕೆ. ನಾಲ್ಕು ಜಾಗ, ಮೂರು ತುಂಬಿದೆ.”

“ನಾಲ್ಕನೇದು ಸಿಕ್ರೆ ಆಡು. ಸಿಗದಿದ್ರೆ ಮಾರನೇ ದಿನ ಕತ್ತಿ ಮಂಚದ ಕೆಳಗೆ, ಮಚ್ಚು ಕೈಗೆ. ಬಲಗೈಗೆ.”

“ಸರಿ,” ಎಂದ ಅಲೋಂಗ್.

“ಇನ್ಮೇಲೆ ಇವನ ಎಡಗಡೆ ಕುರ್ಚಿ ಖಾಲಿ ಇರ್ಲಿ. ಚೀಲ ಇಡೋಕಾಗುತ್ತೆ,” ಎಂದ ದೊಡ್ಡಪ್ಪ.

ಅಲೋಂಗ್ ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಚಹಾ ಬಗ್ಗಿಸಿದ; ಕಿರಿಯನ ಕೆಲಸ ಅದು. ಒಬ್ಬೊಬ್ಬರೂ ಎರಡು ಬೆರಳಲ್ಲಿ ಟೇಬಲ್ ತಟ್ಟಿ ಥ್ಯಾಂಕ್ಸ್ ಹೇಳಿದರು. ದೊಡ್ಡಪ್ಪ ತಟ್ಟಲಿಲ್ಲ. ಕುಡಿದ, ಅಷ್ಟೆ.

*

ಮನೆ ಅಂದರೆ ಒಂದು ಕೋಣೆ, ಅದರೊಳಗೆ ಮರದ ಹಲಗೆಯಿಂದ ಮಾಡಿದ ಇನ್ನೆರಡು ಕೋಣೆ. ಒಂದರಲ್ಲಿ ಅಪ್ಪ, ಅಮ್ಮ. ಇನ್ನೊಂದರಲ್ಲಿ ಅಟ್ಟದ ಮಂಚ: ಕೆಳಗೆ ಮದುವೆಯಾಗದ ದೊಡ್ಡಪ್ಪ, ಮೇಲೆ ಅಲೋಂಗ್. ಅಜ್ಜಿ ಟೀವಿ ಪಕ್ಕದ ಸೋಫಾದಲ್ಲಿ. ಅಲೋಂಗ್‌ನ ಕತ್ತಿಗಳಿಗೆ ಜಾಗವಿಲ್ಲದೆ ಅವು ಛತ್ರಿಗಳ ಜೊತೆ ಬಾಗಿಲ ಹಿಂದೆ ನಿಂತಿದ್ದವು. ಮಳೆ ದಿನ ಅಪ್ಪ ಗಡಿಬಿಡಿಯಲ್ಲಿ ಒಮ್ಮೆ ಫಾಯಿಲ್ ಎಂಬ ಫೆನ್ಸಿಂಗ್ ಕತ್ತಿ ಹಿಡಿದುಕೊಂಡೇ ಲಿಫ್ಟ್ ತನಕ ಹೋಗಿದ್ದ.

ಅಮ್ಮ ಬಚ್ಚಲಲ್ಲಿ ಅವನ ಲೋಹದ ದಾರದ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಅದನ್ನು ಹಿಂಡುವ ಹಾಗಿಲ್ಲ. ಹಿಂಡಿದರೆ ದಾರ ಮುರಿಯುತ್ತದೆ, ದಾರ ಮುರಿದರೆ ಚುಚ್ಚಿದ ಏಟಿಗೆ ಅಂಕದ ದೀಪ ಹತ್ತುವುದಿಲ್ಲ.

“ಮಗು ಮೀಯಿಸಿದ ಹಾಗೆ ಮೀಯಿಸ್ತೀನಿ ಇದನ್ನ,” ಎಂದಳು ಅಮ್ಮ. “ನಿನ್ನನ್ನೇ ಇಷ್ಟು ಜೋಪಾನವಾಗಿ ಮೀಯಿಸ್ಲಿಲ್ಲ. ಆ ಸಿಂಗ್-ಫೈ ಬರ್ತಾನಾ ಪಂದ್ಯಕ್ಕೆ?”

“ಅವನೇ ಬರೋದು. ಆ ಜಾಗಕ್ಕೆ ಇರೋದೇ ಅವನು, ನಾನು.”

ಅಮ್ಮ ಅಂಗಿಯನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಯೂ ಸಿಂಗ್-ಫೈ ಎಂಬ ಹುಡುಗನ ಎದುರು ಅಲೋಂಗ್ ಒಮ್ಮೆಯೂ ಗೆದ್ದಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಬೆಟ್ಟದ ಮೇಲಿನ ದೊಡ್ಡ ಶಾಲೆಯವನು, ಹಲ್ಲಿಗೆ ತಂತಿ ಹಾಕಿಸಿಕೊಂಡವನು. ಅದೆಲ್ಲ ಹಾಳಾಗಲಿ. ಸಂಕಟ ಅಂದರೆ ಅವನೂ ಎಡಗೈಯವನು.

ಕ್ಲಬ್ಬಿನಲ್ಲಿ ಯಿಪ್ ಮೇಡಂ ಅದನ್ನೇ ಮತ್ತೆ ಹೇಳಿದಳು. ಹಿಂದೆ ತಾನೇ ಆಡಿ ಮಂಡಿ ಕಳೆದುಕೊಂಡಾಕೆ, ಈಗ ಸ್ಟೂಲಿನ ಮೇಲೆ ಕೂತು ಕಲಿಸುತ್ತಿದ್ದಳು.

“ಬಲಗೈಯವರ ಎದುರು ನಿನಗೆ ಒಂದು ಬಾಗಿಲು ಯಾವಾಗಲೂ ತೆರೆದಿರುತ್ತೆ, ಅವರ ಪಕ್ಕೆ. ಕಣ್ಣು ಮುಚ್ಚಿಕೊಂಡು ನುಗ್ತೀಯ. ಎಡಗೈಯವನ ಎದುರು ಆ ಬಾಗಿಲಲ್ಲಿ ಅವನ ಕೈ ಇರುತ್ತೆ. ನೀನು ಅಲ್ಲೇ ಹೋಗಿ ಹಣೆ ಚಚ್ಕೊಳ್ತೀಯ. ಹತ್ತು ವರ್ಷದ ಅಭ್ಯಾಸ, ಬಾಯಲ್ಲಿ ಹೇಳಿದ್ರೆ ಬಿಡುತ್ತಾ? ಎಡಗೈಯವರ ಜೊತೆ ದಿನಾ ಆಡಬೇಕು.”

“ಎಲ್ಲಿದಾರೆ?”

“ಇದ್ದೊಬ್ಬ ಓದೋಕೆ ಕೆನಡಾಗೆ ಹೋದ. ಹುಡುಕು. ಆಟ ಬರದಿದ್ರೂ ಪರವಾಗಿಲ್ಲ, ಕತ್ತಿ ಆ ಕಡೆಯಿಂದ ಬರಬೇಕು ಅಷ್ಟೆ.”

ಅಲೋಂಗ್ ಹುಡುಕಿದ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಜನ ಫೋನ್ ಹಿಡಿಯುವ ಕೈಯನ್ನೇ ನೋಡುತ್ತಾ ತಿರುಗಿದ. ಒಬ್ಬ ಮೀನಿನವನು ಎಡಗೈಯವನಂತೆ ಕಂಡ; ಕೇಳಿದರೆ ಬಲಗೈಗೆ ಏಡಿ ಕಚ್ಚಿತ್ತು.

ಊಟದ ಹೊತ್ತಿಗೆ ದೊಡ್ಡಪ್ಪನ ಬಾಯಿ ಬಿಡುವು ಕೊಡುತ್ತಿರಲಿಲ್ಲ.

“ಏನಂತೆ, ಸಿಕ್ಕಿದ್ನಾ ನಿನ್ನ ಜಾತಿಯವನು?”

“ಸಿಕ್ತಾನೆ.”

“ಸಿಗಲ್ಲ. ಯಾಕೆ ಗೊತ್ತಾ? ಮಾನ ಇರೋರು ಮಕ್ಕಳನ್ನ ತಿದ್ದಿರ್ತಾರೆ.”

“ಅನ್ನ ತಿನ್ನು ಕಾಮ್-ಶಿಂಗ್,” ಎಂದಳು ಅಜ್ಜಿ, ಮೀನಿನ ಕೆನ್ನೆಯ ಮಾಂಸ ಬಿಡಿಸಿ ಅಲೋಂಗ್‌ನ ಬಟ್ಟಲಿಗೆ ಹಾಕುತ್ತಾ.

“ಕೆನ್ನೆ ಅವನಿಗಾ? ನಾನು ಹಿರಿಯ.”

“ನಿನಗೆ ಬಾಲ. ಸದಾ ಅಲ್ಲಾಡ್ತಾ ಇರೋದು ಅದೇ.”

ಅಪ್ಪ ನಕ್ಕವನು ಅಣ್ಣನ ಮುಖ ನೋಡಿ ಕೆಮ್ಮಿದ.

*

ಚಿಂಗ್ ಮಿಂಗ್ ಅಂದರೆ ಹಿರಿಯರ ಗೋರಿಗೆ ಹೋಗುವ ದಿನ. ಗೋರಿಗೆ ಬರಿಗೈಯಲ್ಲಿ ಹೋಗುವವರುಂಟೇ? ಹುರಿದ ಹಂದಿ ಬೇಕು. ಆವತ್ತು ಬೆಳಗಾಗುವ ಮೊದಲೇ ಅಂಗಡಿ ಮುಂದೆ ಸಾಲು. ಅಪ್ಪ ಗಲ್ಲಾಪೆಟ್ಟಿಗೆಯಲ್ಲಿ, ಅಮ್ಮ ಕಟ್ಟಿಕೊಡುವುದರಲ್ಲಿ, ದೊಡ್ಡಪ್ಪ ಕೊಚ್ಚುವ ಹಲಗೆಯಲ್ಲಿ, ಅಲೋಂಗ್ ಒಲೆಗೂ ಹಲಗೆಗೂ ನಡುವೆ. ಒಂದು ಇಡೀ ಹಂದಿಯನ್ನು ಕೊಕ್ಕೆಯಿಂದ ಇಳಿಸುವಾಗ ಕುದಿವ ಕೊಬ್ಬು ಸುರಿದು ದೊಡ್ಡಪ್ಪನ ಬಲಗೈ ಮಣಿಕಟ್ಟಿನ ತನಕ ಬೆಂದಿತು.

“ಆಸ್ಪತ್ರೆಗೆ ನಡಿ,” ಎಂದ ಅಪ್ಪ.

“ಸಾಲು ನೋಡಿದ್ಯಾ? ಸತ್ತೋರು ಕಾಯ್ತಾ ಇದಾರೆ. ಸೋಯಾ ಸಾಸ್ ಹಚ್ಚು, ಬಟ್ಟೆ ಕಟ್ಟು. ಹಲಗೆ ಒಳಗೆ ಸಾಗಿಸ್ರಿ, ನಾನು ಒಳಗೇ ಕೊಚ್ತೀನಿ. ಪರದೆ ಎಳೀರಿ. ಯಾರೂ ಒಳಗೆ ಬರಬೇಡಿ.”

ಸುಟ್ಟ ಗಾಯಕ್ಕೆ ಸೋಯಾ ಹಚ್ಚುವವರ ಮನೆ ಅದು; ಅಮ್ಮ ಬೈದು ತಣ್ಣೀರು ಸುರಿದು ಬಟ್ಟೆ ಕಟ್ಟಿದಳು. ಪರದೆ ಎಳೆದಾಯಿತು. ಆಮೇಲೆ ಒಳಗಿನಿಂದ ಬಂದ ಸದ್ದೇ ಬೇರೆ. ಟಕಟಕ ಟಕಟಕ, ಇಷ್ಟು ದಿನದ ದೊಡ್ಡಪ್ಪನದಲ್ಲದ ಸದ್ದು. ತಟ್ಟೆ ಮೇಲೆ ತಟ್ಟೆ ಹೊರಗೆ ಬಂತು, ತುಂಡುಗಳು ನೇಯ್ದಿಟ್ಟ ಹಾಗೆ. ಬೆಂದ ಕೈಯಲ್ಲಿ ಇದು ಹೇಗೆ? ಅಲೋಂಗ್ ಪ್ಲಮ್ ಗೊಜ್ಜಿನ ಬೋಗುಣಿ ಹಿಡಿದು ಪರದೆ ಸರಿಸಿದ.

ದೊಡ್ಡಪ್ಪ ಹಲಗೆಯನ್ನು ತಿರುವುಮುರುವು ಇಟ್ಟುಕೊಂಡಿದ್ದ. ಮಚ್ಚು ಎಡಗೈಯಲ್ಲಿತ್ತು. ಹೆಬ್ಬಾತಿನ ಬೆನ್ನನ್ನು ಸೀಳಿ, ತಿರುಗಿಸಿ, ಕೊಚ್ಚಿ, ಮಚ್ಚಿನ ಅಗಲದಲ್ಲೇ ಎತ್ತಿ ತಟ್ಟೆಗೆ ಸುರಿದ. ಸಿಳ್ಳೆ ಹಾಕುತ್ತಿದ್ದ. ದೊಡ್ಡಪ್ಪ ಸಿಳ್ಳೆ ಹಾಕಿದ್ದನ್ನು ಅಲೋಂಗ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸಿಳ್ಳೆ ನಿಂತಿತು.

“ಪರದೆ ಹಾಕು.”

ಅಲೋಂಗ್ ಒಳಗೆ ಬಂದು ಪರದೆ ಹಾಕಿದ.

“ಯಾರಿಗಾದ್ರೂ ಹೇಳಿದ್ಯೋ, ಆ ಹಂದಿ ಪಕ್ಕ ನಿನ್ನನ್ನೂ ನೇತುಹಾಕ್ತೀನಿ.”

“ನಾಯಿ ನನ್ನ ಮಗ ನಾನು. ಪ್ರಾಣಿ ನಾನು. ಊರವರ ಮುಂದೆಲ್ಲ ನನ್ನನ್ನ ಬಯ್ಯೋದು, ಒಳಗೆ ಪರದೆ ಎಳ್ಕೊಂಡು—” ಅಲೋಂಗ್ ಬೋಗುಣಿಯನ್ನು ಹಲಗೆಯ ಮೇಲೆ ಕುಕ್ಕಿದ. “ಎಷ್ಟು ವರ್ಷದಿಂದ?”

“ಹುಟ್ಟಿದಾಗಿನಿಂದ. ಆಮೇಲೆ ಇಲ್ಲ. ನಿಮ್ಮಜ್ಜಿ ಊಟಕ್ಕೆ ಕೂರಿಸುವಾಗ ಈ ಕೈನ ಸ್ಟೂಲಿನ ಕಾಲಿಗೆ ಬಟ್ಟೆಯಿಂದ ಕಟ್ಟೋಳು. ಬಿಚ್ಚಿದ್ರೆ ಪುಕ್ಕದ ಪೊರಕೆ ಹಿಡೀಲಿ ಬಾರಿಸೋಳು. ನಾನು ತಿದ್ಕೊಂಡೆ. ನಿನಗೇನು ಕೊಂಬಾ? ನಿನಗೂ ಬಿತ್ತು ಅದೇ ಪೊರಕೇಲಿ. ಆ ಮಂಡಿ ನೋವಿನ ಹೆಂಗಸು ಕತ್ತಿ ಕೊಟ್ಟಿದ್ದೇ ತಡ, ವಾಪಸ್ ತಿರುಗ್ಕೊಂಡೆ. ಯಾರೂ ನಿನ್ನನ್ನ ಏನೂ ಅನ್ಲಿಲ್ಲ.”

“ನೀನು ಅಂತಾನೇ ಇದೀಯಲ್ಲ.”

ಹೊರಗಿನಿಂದ ಅಪ್ಪ ಕೂಗಿದ: “ಅಣ್ಣಾ, ಅರ್ಧ ಹೆಬ್ಬಾತು, ಕಾಲಿನ ಕಡೆ.”

ದೊಡ್ಡಪ್ಪ ಕೊಚ್ಚತೊಡಗಿದ. ಅಲೋಂಗ್ ಆ ಕೈಯನ್ನೇ ನೋಡಿದ. ಮಚ್ಚು ಏಳುವ ದಿಕ್ಕು, ಬೀಳುವ ದಿಕ್ಕು. ಎಲ್ಲೆಲ್ಲೋ ಹುಡುಕಿದ್ದು ಕೆಳಗಿನ ಮಂಚದಲ್ಲಿ ಗೊರಕೆ ಹೊಡೆಯುತ್ತಿತ್ತು.

“ನನ್ನ ಜೊತೆ ಆಡು,” ಎಂದ.

“ಏನು?”

“ಕತ್ತಿ. ದಿನಾ ಸಂಜೆ, ವರಾಂಡದಲ್ಲಿ. ಪಂದ್ಯದ ತನಕ.”

“ತಲೆ ಕೆಟ್ಟಿದ್ಯಾ?”

“ಆಡದಿದ್ರೆ ಅಜ್ಜಿಗೆ ಹೇಳ್ತೀನಿ.”

ಅರುವತ್ತೊಂದು ವರ್ಷದ ದೊಡ್ಡಪ್ಪ ಪರದೆಯ ಕಡೆ ನೋಡಿದ, ಅದರಾಚೆ ಅಜ್ಜಿಯೇ ನಿಂತಿರುವ ಹಾಗೆ.

“ಬೇವರ್ಸಿ,” ಎಂದ. “ಎಷ್ಟು ಹೊತ್ತಿಗೆ?”

*

ಹತ್ತೊಂಬತ್ತನೇ ಮಹಡಿಯ ವರಾಂಡ ಉದ್ದಕ್ಕೆ ಪಟ್ಟಿಯ ಹಾಗಿತ್ತು. ಈ ಆಟಕ್ಕೆ ಬೇಕಾದ್ದು ಅದೇ. ಅಜ್ಜಿ ಸಂಜೆ ಮಾಜಾಂಗ್ ಆಡಲು ಫೊಂಗ್ ಆಂಟಿ ಮನೆಗೆ ಹೋಗುವ ಹೊತ್ತು ನೋಡಿಕೊಂಡರು. ಅಲೋಂಗ್‌ನ ಹಳೆ ಬಿಳಿ ಅಂಗಿ ದೊಡ್ಡಪ್ಪನ ಹೊಟ್ಟೆಗೆ ಸಾಲದೆ ಗುಟ್ಟನ್ನು ಅಮ್ಮನಿಗೂ ಹೇಳಬೇಕಾಯಿತು; ಅವಳು ಚಳಿಗಾಲದ ಹತ್ತಿಯ ಕೋಟು ಹಾಕಿ ಮೇಲೆ ಅಂಗಡಿಯ ಏಪ್ರನ್ ಬಿಗಿದಳು. ಜಾಲರಿ ಮುಖವಾಡ ಹಾಕಿಕೊಂಡ ದೊಡ್ಡಪ್ಪ ಸೊಳ್ಳೆಪರದೆಯೊಳಗಿನ ಬುದ್ಧನಂತೆ ಕಂಡ. ಅಮ್ಮ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಅಲೋಂಗ್ ಫಾಯಿಲ್ ಕೊಟ್ಟ. ಅದರ ಹಿಡಿ ಪಿಸ್ತೂಲಿನಂತೆ ಬೆರಳು ಬೆರಳಿಗೂ ತಗ್ಗಿದ್ದದ್ದು. ದೊಡ್ಡಪ್ಪ ಎಡಗೈಗೆ ತೆಗೆದುಕೊಂಡವನು ಹಾಗೇ ನಿಂತ. ಬೆರಳು ಬಿಡಿಸಿದ, ಮತ್ತೆ ಮಡಚಿದ.

“ಇದೇನಿದು, ಒಳಗೆ ಹೋಗಿ ಕೂತ್ಕೊಳ್ತು.”

“ಎಡಗೈಗೇ ಮಾಡಿರೋ ಹಿಡಿ. ಬಲಗೈಲಿ ಹಿಡಿಯೋಕೆ ಆಗಲ್ಲ.”

“ಎಡಗೈಗೇ ಅಂತ ಮಾಡ್ತಾರಾ?”

“ಮತ್ತೆ?”

ದೊಡ್ಡಪ್ಪ ಹಿಡಿಯನ್ನು ತಿರುಗಿಸಿ ನೋಡಿದ. ಅವನ ಕತ್ತರಿ ಬಲಗೈಯದು. ಅವನ ಮಚ್ಚನ್ನು ಒಂದೇ ಬದಿ ಮಸೆದದ್ದು ಬಲಗೈಗೆ. ಡಬ್ಬ ತೆರೆಯುವ ಚಾವಿಯೂ ಬಲಗೈಯದೇ. ಮುಖವಾಡದೊಳಗೆ ಮುಖ ಕಾಣಲಿಲ್ಲ. ಹಿಡಿ ಮಾತ್ರ ಬಿಡಲಿಲ್ಲ.

ಮೊದಲ ಸಂಜೆ ಅವನು ಆಡಿದ್ದು ಕತ್ತಿಯನ್ನಲ್ಲ, ಹೆಬ್ಬಾತು ಕೊಚ್ಚುವುದನ್ನು. ಮೇಲಿಂದ ಕೆಳಗೆ ಟಕಟಕ. ಅಲೋಂಗ್‌ನ ಭುಜದ ಮೇಲೆ ಬಾಸುಂಡೆ ಎದ್ದಿತು.

“ಚುಚ್ಚಬೇಕು ದೊಡ್ಡಪ್ಪ, ಕೊಚ್ಚೋದಲ್ಲ. ತುದಿ ತಾಗಬೇಕು, ಎದೆ ಹೊಟ್ಟೆ ಬೆನ್ನಿಗೆ ಮಾತ್ರ.”

“ಕಾಲಿಗೆ?”

“ಲೆಕ್ಕಕ್ಕಿಲ್ಲ.”

“ಇದೆಂಥ ಜಗಳನೋ. ತೊಡೆ ಮಾಂಸ ಬಿಟ್ಟು ವ್ಯಾಪಾರ ಮಾಡಿದ ಹಾಗೆ.”

ವಾರ ಕಳೆಯಿತು. ದೊಡ್ಡಪ್ಪ ಹಿಂದಕ್ಕೆ ಹೋಗುತ್ತಿರಲಿಲ್ಲ. ಕೊಚ್ಚುವ ಹಲಗೆಯ ಹಿಂದೆ ನಲವತ್ತು ವರ್ಷ ನಿಂತವನಿಗೆ ಹಿಂದೆ ಜಾಗ ಇರುತ್ತದೆ ಅನ್ನುವುದೇ ತಿಳಿಯದು. ಅಲೋಂಗ್ ನುಗ್ಗಿದಾಗಲೆಲ್ಲ ಆ ಪಕ್ಕೆಯ ಬಾಗಿಲಲ್ಲಿ ಹುರಿದ ಮಾಂಸದ ವಾಸನೆಯ ಎಡಗೈ ನಿಂತಿರುತ್ತಿತ್ತು. ಚಚ್ಚಿಕೊಂಡ, ಮತ್ತೆ ಚಚ್ಚಿಕೊಂಡ. ಒಂದು ಸಂಜೆ ಅವನ ಕತ್ತಿ ತಾನಾಗಿ ಆ ಬಾಗಿಲ ಮುಂದೆ ತಡೆದು ನಿಂತು, ದೊಡ್ಡಪ್ಪನ ಕೈ ಅತ್ತ ಮುಚ್ಚಲು ಹೋದಾಗ ಅದರ ಕೆಳಗಿಂದ ನುಸುಳಿ ಏಪ್ರನ್ನಿನ ನಡುಮಧ್ಯೆ ಕೂತಿತು.

“ಏ,” ಎಂದ ದೊಡ್ಡಪ್ಪ. “ಇದು ಹೊಸದು. ಇನ್ನೊಂದ್ಸಲ ಮಾಡು, ನೋಡ್ತೀನಿ.”

ಮಾಡಿದ. ಮತ್ತೆ ಮಾಡಿದ. ಅದರ ಮುಂದಿನ ಸಲ ದೊಡ್ಡಪ್ಪ ಕಾದಿದ್ದು ಅಲೋಂಗ್‌ನ ಎದೆಗೆ ಚುಚ್ಚಿ, ಇಡೀ ವರಾಂಡ ಕೇಳುವ ಹಾಗೆ ನಕ್ಕ. ಆ ನಗುವಿಗೆ ಬಾಗಿಲುಗಳು ತೆರೆದವು. ತೆರೆದ ಬಾಗಿಲುಗಳಲ್ಲಿ ಒಂದು ಫೊಂಗ್ ಆಂಟಿಯದು. ಅದರಲ್ಲಿ ಅಜ್ಜಿ ನಿಂತಿದ್ದಳು, ಕೈಯಲ್ಲಿ ಮಾಜಾಂಗ್ ಬಿಲ್ಲೆ.

ದೊಡ್ಡಪ್ಪ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

“ಮುಖ ಮುಚ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಹೆತ್ತೋಳು ನಾನು. ಕೈ ತೋರಿಸು.”

ದೊಡ್ಡಪ್ಪ ಬಟ್ಟೆ ಕಟ್ಟಿದ ಬಲಗೈ ಚಾಚಿದ.

“ಅದಲ್ಲ.”

ಎಡಗೈ ಮೆಲ್ಲಗೆ ಮುಂದೆ ಬಂತು, ಕತ್ತಿ ಸಮೇತ. ಅಜ್ಜಿ ಆ ಕೈಯನ್ನು ಮಣಿಕಟ್ಟಿನಿಂದ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು, ಅಂಗಡಿಯಲ್ಲಿ ಹೆಬ್ಬಾತು ಆರಿಸುವ ಹಾಗೆ.

“ಆಗ ಒಂದೇ ಟೇಬಲ್ಲಿಗೆ ಹನ್ನೊಂದು ಜನ ಕೂರ್ತಿದ್ವಿ,” ಎಂದಳು. “ನೀನು ಮೊಣಕೈ ಎತ್ತಿದ್ರೆ ಪಕ್ಕದವನ ಅನ್ನ ನೆಲಕ್ಕೆ. ಅನ್ನಾನೇ ಇರ್ಲಿಲ್ಲ.”

“ಗೊತ್ತಮ್ಮ.”

“ಈಗ ಐದು ಜನ. ಜಾಗ ಇದೆ.” ಕೈ ಬಿಟ್ಟಳು. “ಅಲೋಂಗ್, ಏನು ನೋಡ್ತಾ ನಿಂತೆ? ಅವನು ನಿನಗೆ ಹೊಡೆದ್ನಲ್ಲ, ತಿರುಗಿಸಿ ಹೊಡಿ. ಫೊಂಗ್, ಸ್ಟೂಲ್ ತಗೊಂಬಾ, ಇಲ್ಲೇ ಕೂರೋಣ.”

ಆಮೇಲಿನ ಸಂಜೆಗಳಲ್ಲಿ ಮಾಜಾಂಗ್ ನಿಂತುಹೋಯಿತು. ನೆರೆಯವರು ಕಲ್ಲಂಗಡಿ ಬೀಜದ ಸಿಪ್ಪೆ ಸುಲಿಯುತ್ತಾ ಪಕ್ಷ ವಹಿಸಿದರು. ಆಟ ಮುಗಿದ ಮೇಲೆ ಅಲೋಂಗ್ ದೊಡ್ಡಪ್ಪನಿಗೆ ಚಹಾ ಬಗ್ಗಿಸಿದ. ದೊಡ್ಡಪ್ಪ ಎರಡು ಬೆರಳಲ್ಲಿ ಟೇಬಲ್ ತಟ್ಟಿದ. ಎಡಗೈಯ ಬೆರಳು.

*

ಪಂದ್ಯದ ದಿನ ದೊಡ್ಡಪ್ಪ ಬರುವುದಿಲ್ಲ ಎಂದ. ಅಂಗಡಿ ಯಾರು ನೋಡುತ್ತಾರೆ? ಅಪ್ಪ ಮೊದಲ ಸಲ ಬಿಸಿನೀರು ಕೇಳದೆ ಹೇಳಿದ: “ಅಂಗಡಿ ಮುಚ್ಚೋಣ ಅಣ್ಣ. ಜನ ಒಂದು ದಿನ ತರಕಾರಿ ತಿನ್ಲಿ.”

ಹಾಗಾಗಿ ಎಲ್ಲರೂ ಬಂದರು, ಫೊಂಗ್ ಆಂಟಿಯೂ. ಅಜ್ಜಿ ಒಂದು ಇಡೀ ಹೆಬ್ಬಾತನ್ನು ಪೆಟ್ಟಿಗೆಯಲ್ಲಿ ತಂದಿದ್ದಳು. ಒಳಗೆ ತಿನಿಸು ಬಿಡುವುದಿಲ್ಲ ಎಂದ ಕಾವಲುಗಾರನಿಗೆ ಒಂದು ಕಾಲು ಕೊಟ್ಟು, “ಇದು ತಿನಿಸಲ್ಲ, ಹರಕೆ,” ಎಂದು ಒಳಗೆ ಬಂದಳು.

ಶುರುವಿನಲ್ಲಿ ಸಿಂಗ್-ಫೈ ನಾಲ್ಕು ಏಟು ಸಾಲಾಗಿ ಹೊಡೆದ. ಅಲೋಂಗ್‌ಗೆ ಕಿವಿ ಬಿಸಿಯಾಯಿತು. ಹಳೆ ಸಿಟ್ಟು ಬಂತು. ಸಿಟ್ಟು ಬಂದರೆ ಕಾಲು ಹಳೆ ಬಾಗಿಲಿಗೇ ಓಡುತ್ತಿತ್ತು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ಅಂಗಡಿಯ ಗಂಟಲು ಕೇಳಿತು:

“ಅಲ್ಲಿ ಕೈ ಇದೆ ಕಣೋ. ಕೆಳಗಿಂದ ತಗೋ, ಹೊಟ್ಟೆ ಕಡೆ, ಅರ್ಧ ಹೆಬ್ಬಾತು.”

ರೆಫರಿ ತಿರುಗಿ ಬೆರಳು ತೋರಿಸಿ ಎಚ್ಚರಿಸಿದ. ಅಲೋಂಗ್ ಮುಖವಾಡದೊಳಗೆ ನಕ್ಕ. ನಗುವವನ ಭುಜ ಸಡಿಲವಾಗುತ್ತದೆ. ಯಿಪ್ ಮೇಡಂ ಹತ್ತು ವರ್ಷ ಬೈದು ಆಗದ್ದು ಅರ್ಧ ಹೆಬ್ಬಾತಿಗೆ ಆಯಿತು. ಅವನು ನುಗ್ಗದೆ ಕಾದ. ಸಿಂಗ್-ಫೈನ ಕೈ ಬಾಗಿಲು ಮುಚ್ಚಲು ಹೋಯಿತು, ಇವನ ತುದಿ ಅದರ ಕೆಳಗಿಂದ ನುಸುಳಿತು. ಅಲೋಂಗ್‌ನ ಕಡೆಯ ದೀಪ ಹತ್ತಿತು. ಮತ್ತೆ ಹತ್ತಿತು. ಸಿಂಗ್-ಫೈ ಬುದ್ಧಿವಂತ, ಉಪಾಯ ಬದಲಿಸಿದ. ಆದರೆ ವರಾಂಡದಲ್ಲಿ ದೊಡ್ಡಪ್ಪನೂ ಬದಲಿಸಿದ್ದ, ಅದಕ್ಕಿಂತ ಕೊಳಕಾಗಿ. ಅಲೋಂಗ್‌ಗೆ ಗೆಲುವಿನ ಹದಿನೈದನೇ ಅಂಕ ಬರುವಾಗ ಸಿಂಗ್-ಫೈ ಹನ್ನೊಂದರಲ್ಲಿ ನಿಂತಿದ್ದ.

ಮುಖವಾಡ ತೆಗೆದು ಕೈ ಕುಲುಕಿದರು. ಕತ್ತಿಯಿಲ್ಲದ ಕೈ ಕೊಡುವುದು ಪದ್ಧತಿ. ಬಲಗೈಯವರು ಎಡಗೈ ಚಾಚಿ ಯಾವಾಗಲೂ ಗೋಜಲಾಗುತ್ತಿತ್ತು. ಇಬ್ಬರೂ ಎಡಗೈಯವರಾದರೆ ಸರಿಯಾಗಿ ಕೂರುತ್ತದೆ.

“ನಿಮ್ಮ ಕ್ಲಬ್ಬಲ್ಲಿ ಎಡಗೈಯವರೇ ಇಲ್ವಲ್ಲ,” ಎಂದ ಸಿಂಗ್-ಫೈ, ತಂತಿ ಹಲ್ಲು ಕಾಣುವಂತೆ. “ಯಾರ ಹತ್ರ ಕಲಿತೆ?”

“ಹಂದಿ ಹುರಿಯೋನ ಹತ್ರ.”

“ನಿಜ ಹೇಳು.”

“ನಿಜಾನೇ. ಬಾ ಒಂದಿನ. ನಿನಗೂ ಬಾರಿಸ್ತಾನೆ.”

ಮೇಲೆ ಯಿಪ್ ಮೇಡಂ ಒಂದೇ ಕಾಲಲ್ಲಿ ಕುಣಿಯುತ್ತಿದ್ದಳು. ಅಜ್ಜಿ ಸುತ್ತಲಿನ ಅಪರಿಚಿತರಿಗೆಲ್ಲ ಹೆಬ್ಬಾತು ಹಂಚುತ್ತಿದ್ದಳು.

*

ಮುಂದಿನ ಭಾನುವಾರ ಮತ್ತೆ ಚಹಾಮನೆ, ಅದೇ ದುಂಡು ಟೇಬಲ್. ಫೊಂಗ್ ಆಂಟಿ ತಾನೇ ಎಲ್ಲರನ್ನೂ ಕರೆದಿದ್ದಳು, ಅದೇ ರೇಷ್ಮೆ ಅಂಗಿ ತೊಟ್ಟಿದ್ದಳು. ಅಲೋಂಗ್‌ನ ಎಡಗಡೆ ಕುರ್ಚಿಯ ಮೇಲೆ ತಂಡದ ಹೊಸ ಚೀಲ ಕೂತಿತ್ತು. ಅದರಾಚೆ ಬುಟ್ಟಿ ತರುವವರು ನುಗ್ಗುವ ಸಂದಿ. ಆಂಟಿ ಈ ಸಲ ಜಾಣತನದಿಂದ ಎದುರು ಬದಿಗೆ, ದೊಡ್ಡಪ್ಪನ ಎಡಕ್ಕೆ ಕೂತಳು.

ಆಚೆ ಟೇಬಲ್ಲಿನವರು ಬಂದು ಅಲೋಂಗ್‌ನ ಬೆನ್ನು ತಟ್ಟಿದರು. ಅಪ್ಪ ಎಲ್ಲರಿಗೂ ಏಟುಗಳ ಕತೆಯನ್ನು ಕಡ್ಡಿ ಹಿಡಿದು ಆಡಿ ತೋರಿಸಿದ. ಸಿಗಡಿ ಕಡುಬು ಬಂತು. ದೊಡ್ಡಪ್ಪ ಮಾತಿನ ಭರದಲ್ಲಿದ್ದ, ಕೈ ಚಾಚಿದ. ಆಂಟಿಯೂ ಚಾಚಿದಳು. ಮೊಣಕೈಗೆ ಮೊಣಕೈ ತಾಗಿತು. ಕಡುಬು ಜಾರಿ, ಹೋದ ಸಲದ ಕಲೆ ತೊಳೆದ ಜಾಗವನ್ನೇ ಹುಡುಕಿ ಕೂತಿತು.

ಎಲ್ಲರೂ ದೊಡ್ಡಪ್ಪನ ಕಡ್ಡಿ ನೋಡಿದರು. ದೊಡ್ಡಪ್ಪನೂ ನೋಡಿಕೊಂಡ. ಅದು ಎಡಗೈಯಲ್ಲಿತ್ತು.

“ಏನು ಕಾಮ್-ಶಿಂಗ್,” ಎಂದಳು ಫೊಂಗ್ ಆಂಟಿ, ನಿಧಾನವಾಗಿ, ಆಚೆ ಟೇಬಲ್ಲಿಗೂ ಕೇಳುವ ಹಾಗೆ. “ಅರುವತ್ತೊಂದು ವರ್ಷ ಆಯ್ತು, ಯಾವ ಕೈಲಿ ತಿನ್ನಬೇಕು ಅಂತ ಇನ್ನೂ ಗೊತ್ತಾಗ್ಲಿಲ್ವಾ?”

ಅಮ್ಮ ತುಟಿ ಕಚ್ಚಿಕೊಂಡಳು. ಅಜ್ಜಿ ಬಟ್ಟಲಿನೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು, ಭುಜ ಕುಲುಕುತ್ತಿತ್ತು. ಅಲೋಂಗ್ ಕಾದ; ಆ ಗಂಟಲು ಈಗ ಏಳುತ್ತದೆ, ಇಡೀ ಚಹಾಮನೆ ಕೇಳುತ್ತದೆ.

ದೊಡ್ಡಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಲಗೈಯಲ್ಲಿ ಬಟ್ಟಲು, ಎಡಗೈಯಲ್ಲಿ ಕಡ್ಡಿ. ಅಲೋಂಗ್ ತನ್ನ ಎಡಗಡೆ ಕುರ್ಚಿಯ ಮೇಲಿನ ಚೀಲವನ್ನು ಎಳೆದು ತನ್ನ ಕಾಲ ಕೆಳಗೆ ಹಾಕಿಕೊಂಡ. ದೊಡ್ಡಪ್ಪ ಫೊಂಗ್ ಆಂಟಿಗೆ ಬೆನ್ನು ಮಾಡಿ, ಅಜ್ಜಿಯ ಕುರ್ಚಿಯ ಹಿಂದಿನಿಂದ, ಬುಟ್ಟಿ ಹೊತ್ತು ಬರುವವನಿಗೆ ಪಕ್ಕಕ್ಕೆ ಸರಿ ಎಂದು ಕಡ್ಡಿಯಲ್ಲೇ ಸನ್ನೆ ಮಾಡುತ್ತಾ, ಒಂದು ಮಾತೂ ಆಡದೆ ಟೇಬಲ್ ಸುತ್ತಿಕೊಂಡು ಆ ಕುರ್ಚಿಗೆ ನಡೆದು ಬಂದ.